ದೀಪಕ್ಕೆ ಟೇಪ್ ಹಚ್ಚುವುದು ರಿಪೇರಿ ಅಲ್ಲ

ಪುಣೆ, ಮುಂಬೈಯಲ್ಲಿ ಓಡಿ ಹಳೆಯದಾದ ದೊಡ್ಡ ವಿದೇಶಿ ಗಾಡಿಗಳು ಅಗ್ಗಕ್ಕೆ ಸಿಗುತ್ತವೆಂದು ನಮ್ಮ ಅಕ್ಕಲಕೋಟ ಕಡೆಯವರೂ ಕೊಳ್ಳುತ್ತಾರೆ. ಇಂಥ ಕೆಲವು ಗಾಡಿಗಳಿಗೆ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಏರ್ ಸಸ್ಪೆನ್ಷನ್ ಇರುತ್ತದೆ. ಚೀಲ ಬಿರುಕು ಬಿಟ್ಟರೆ ಮುಂಜಾನೆ ಏಳುವುದರಲ್ಲಿ ಗಾಡಿ ಒಂದು ಮಗ್ಗುಲಿಗೆ ಕುಸಿದು ಕೂತಿರುತ್ತದೆ. ಹೊಸ ಚೀಲದ ರೇಟ್ ಕೇಳಿದರೆ ಮಾಲಕನೂ ಕೂರುತ್ತಾನೆ! ಆಗ ಕಾಯಿಲ್ ಸ್ಪ್ರಿಂಗ್ ಹಾಕಿಸುತ್ತಾರೆ. ಗಾಡಿಯ ಭಾರಕ್ಕೆ ತಕ್ಕ ಸ್ಪ್ರಿಂಗ್ ಆದರೆ ಅದೇನೂ ತಪ್ಪಲ್ಲ.

ತಕರಾರು ಇರುವುದು ಮುಂದೆ. ಸ್ಪ್ರಿಂಗ್ ಬಂದದ್ದು ಗಾಡಿಯ ಕಂಪ್ಯೂಟರ್‌ಗೆ ಗೊತ್ತಿಲ್ಲ. ಇಲ್ಲದ ಗಾಳಿಯನ್ನು ಹುಡುಕಿ, ಸಿಗದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಸುತ್ತದೆ. ನಮ್ಮ ಸೋದರಮಾವನ ಗಾಡಿಯಲ್ಲಿ ಮಿಸ್ತ್ರಿ ಆ ದೀಪದ ಮೇಲೆ ಕರಿ ಟೇಪ್ ಹಚ್ಚಿಕೊಟ್ಟ. "ಕಾಣಲಿಲ್ಲಂದ್ರ ತ್ರಾಸಿಲ್ರಿ ಸಾಹೇಬ್ರ" ಅಂದನಂತೆ. ಅದೇ ಟೇಪಿನ ಕೆಳಗೆ ಎಬಿಎಸ್ ದೀಪವೂ ಇತ್ತು. ಚಕ್ರದ ಸೆನ್ಸರ್ ಕೆಟ್ಟಿದೆ ಅನ್ನೋದು, ಮಳೆಯಲ್ಲಿ ಸೊಲ್ಲಾಪುರ ರಸ್ತೆ ಮೇಲೆ ಬ್ರೇಕ್ ಒತ್ತಿ ಗಾಡಿ ಜಾರಿದಾಗಲೇ ತಿಳಿಯಿತು. ಪುಣ್ಯಕ್ಕೆ ಎದುರಿಗೆ ಯಾರೂ ಇರಲಿಲ್ಲ.

ಸ್ಕ್ಯಾನರ್ ಹಚ್ಚಿ ಕೋಡಿಂಗ್ ಬದಲಿಸಬೇಕು, ಇಲ್ಲವೇ ಆ ಗಾಡಿಗೆಂದೇ ಮಾಡಿದ ಮಾಡ್ಯೂಲ್ ಕೂಡಿಸಬೇಕು. ಎತ್ತರ ಅಳೆಯುವ ಸೆನ್ಸರ್‌ಗಳನ್ನು ಕಿತ್ತು ಬಿಸಾಡಬೇಡಿ, ಹಲವು ಗಾಡಿಗಳಲ್ಲಿ ಹೆಡ್‌ಲೈಟ್ ಬೆಳಕಿನ ಮಟ್ಟವೂ ಅವುಗಳ ಮೇಲೆಯೇ ನಿಂತಿರುತ್ತದೆ. ಸ್ಪ್ರಿಂಗ್‌ಗೆ ಅಡ್ವಾನ್ಸ್ ಎಣಿಸುವ ಮುಂಚೆಯೇ ಮಿಸ್ತ್ರಿಯನ್ನು ಕೇಳಿ: "ದೀಪ ಹ್ಯಾಂಗ ಆರಸ್ತೀಪಾ?"