ನೆರೆ ಇಳಿದ ಮೇಲೆ

ಕೇರಳದ ವಯನಾಡಿನಲ್ಲಿ ಹುಟ್ಟುವ ಕಪಿಲೆಗೆ ಕಬಿನಿಯೆಂಬ ಹೆಸರೂ ಉಂಟು. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯನ್ನು ಹಾದು, ತಿರುಮಕೂಡಲು ನರಸೀಪುರದಲ್ಲಿ ಆಕೆ ಕಾವೇರಿಯನ್ನು ಕೂಡುತ್ತಾಳೆ. ಈ ಎರಡು ಊರುಗಳ ಬೆಳೆಗೂ ಬಾಳಿಗೂ ಆಕೆಯೇ ಆಧಾರ. ಆದರೆ ವಯನಾಡಿನಲ್ಲಿ ಮಳೆ ಮಿತಿಮೀರಿ ಕಬಿನಿ ಜಲಾಶಯ ತುಂಬಿದಾಗ, ಅದೇ ನದಿ ಜನರ ಹೊಸ್ತಿಲನ್ನು ದಾಟಿ ಒಳಗೆ ಬರುವುದೂ ಉಂಟು. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ನಂಜನಗೂಡಿನ ತಗ್ಗು ಪ್ರದೇಶಗಳು ಜಲಾವೃತವಾದವು. ಮೈಸೂರಿನ ಹೆದ್ದಾರಿಯಲ್ಲಿ ಸಂಚಾರವೂ ನಿಂತಿತು.

ನೆರೆ ಬಂದಾಗ ಊರಿಗೆ ಊರೇ ಎಚ್ಚರಗೊಳ್ಳುತ್ತದೆ. ಅನ್ನ, ಕಂಬಳಿ, ಆಶ್ರಯಗಳು ಒದಗುತ್ತವೆ. ನೀರು ಇಳಿದೊಡನೆ ಆ ಎಚ್ಚರವೂ ಇಳಿದುಬಿಡುತ್ತದೆ. ಇದು ಸರಿಯಲ್ಲ.

ಕೆಸರನ್ನು ತೊಳೆದ ಮನೆ ಕಣ್ಣಿಗೆ ಶುಭ್ರವಾಗಿ ಕಾಣುತ್ತದೆ. ಆದರೆ ಗೋಡೆ ಕುಡಿದ ನೀರು ಗೋಡೆಯಲ್ಲಿಯೇ ಉಳಿದಿರುತ್ತದೆ. ಒದ್ದೆಯಾದ ಮರ, ಬಟ್ಟೆ, ಕಾಗದಗಳ ಮೇಲೆ ಒಂದೆರಡು ದಿನಗಳಲ್ಲಿಯೇ ಬೂಷ್ಟು ಬೆಳೆಯತೊಡಗುತ್ತದೆ. ಬೂಷ್ಟು ಒಂದು ಬಗೆಯ ಶಿಲೀಂಧ್ರ. ಅದರ ಬೀಜಾಣುಗಳು ಗಾಳಿಯಲ್ಲಿ ಸದಾ ಇರುತ್ತವೆ. ತೇವ ದೊರೆತೆಡೆಯಲ್ಲಿ ಅವು ಬೇರೂರುತ್ತವೆ. ಬೂಷ್ಟಿನಿಂದ ಉಪಕಾರವೇ ಇಲ್ಲವೆಂದಲ್ಲ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಎಂಬ ಔಷಧಿಯನ್ನು ಕಂಡುಕೊಂಡದ್ದು ಬೂಷ್ಟಿನಿಂದಲೇ. ಆದರೆ ಪ್ರಯೋಗಶಾಲೆಯಲ್ಲಿ ಉಪಕಾರಿಯಾದುದು ಮಲಗುವ ಕೋಣೆಯಲ್ಲಿ ಅಪಕಾರಿಯಾಗಬಹುದು. ಉಸಿರಿನೊಡನೆ ಒಳಸೇರುವ ಬೀಜಾಣುಗಳಿಂದ ಕೆಲವರಿಗೆ ಸೀನು, ಕೆಮ್ಮು, ಕಣ್ಣುರಿ ಬರುತ್ತವೆ. ಉಬ್ಬಸವುಳ್ಳವರಿಗೆ ಅದು ಉಲ್ಬಣಿಸುತ್ತದೆ. ಹಾಸಿಗೆ ದಿಂಬುಗಳಲ್ಲಿ ವಾಸಿಸುವ, ಕಣ್ಣಿಗೆ ಕಾಣದ ಧೂಳಿನ ನುಸಿಗಳಿಗೂ ತೇವವೇ ಹಿತ. ಅವುಗಳ ಮತ್ತು ಜಿರಳೆಗಳ ಹಿಕ್ಕೆಯ ಕಣಗಳೂ ಇಂಥದೇ ತೊಂದರೆಯನ್ನುಂಟುಮಾಡುತ್ತವೆ. ತೇವ ಹಿಡಿದ ಮನೆಗಳಿಗೂ ಉಸಿರಾಟದ ಕಾಯಿಲೆಗಳಿಗೂ ಸಂಬಂಧವುಂಟೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿ ಸ್ಪಷ್ಟಪಡಿಸಿದೆ.

ಇದಕ್ಕೆ ಪರಿಹಾರವೇನು? ಬೂಷ್ಟಿನ ಮೇಲೆ ಸುಣ್ಣ ಬಳಿಯುವುದು ಪರಿಹಾರವಲ್ಲ; ಗೋಡೆಯಲ್ಲಿ ತೇವ ಇರುವವರೆಗೆ ಅದು ಮರಳಿ ಬರುತ್ತದೆ. ಮೂಗುಬಾಯಿಗಳನ್ನು ಮುಚ್ಚಿಕೊಂಡು, ಸಾಬೂನಿನ ನೀರಿನಿಂದ ಉಜ್ಜಿ ತೊಳೆದು, ಚೆನ್ನಾಗಿ ಒಣಗಿಸಬೇಕು. ಉಬ್ಬಸವುಳ್ಳವರು ಈ ಕೆಲಸದಿಂದ ದೂರವಿರಬೇಕು. ಬೂಷ್ಟು ಹಿಡಿದ ಹತ್ತಿಯ ಹಾಸಿಗೆಯ ಆಸೆಯನ್ನು ಬಿಡುವುದೇ ಲೇಸು. ಶೀತಗಾಳಿಗೂ ಸೊಳ್ಳೆಗೂ ಹೆದರಿ ಕಿಟಕಿಗಳನ್ನು ಸದಾ ಮುಚ್ಚುವ ರೂಢಿಯುಂಟು. ಆ ಭಯ ಸುಳ್ಳಲ್ಲ; ಆದರೆ ಕಿಟಕಿಗೆ ಬಲೆ ಕಟ್ಟಿ, ಬಿಸಿಲು ಬಂದ ಹೊತ್ತಿನಲ್ಲಿಯಾದರೂ ತೆರೆಯಬಹುದು. ಹಿಂದಿನವರ ತೊಟ್ಟಿಮನೆಗಳಲ್ಲಿ ಸೂರ್ಯನು ಮನೆಯ ನಡುವಿಗೇ ಇಳಿಯುತ್ತಿದ್ದನು. ಅದೇ ಮನೆಗಳಲ್ಲಿ ಬೆಳಕು ಕಾಣದ ಒಳಕೋಣೆಗಳೂ ಇದ್ದವೆಂಬುದನ್ನು ಮರೆಯಲಾಗದು. ಮನೆ ಹಳೆಯದೋ ಹೊಸದೋ ಎಂಬುದು ಮುಖ್ಯವಲ್ಲ. ಅದರೊಳಗೆ ಗಾಳಿಬೆಳಕುಗಳು ಆಡುತ್ತವೆಯೇ ಎಂಬುದು ಮುಖ್ಯ.

ಇಷ್ಟನ್ನು ಹೇಳಿ, ಉಳಿದ ಹೊಣೆಯನ್ನೆಲ್ಲ ಮನೆಯ ಹೆಂಗಸಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಒಂದೇ ಕೋಣೆಯಲ್ಲಿ ಸಂಸಾರ ಸಾಗಿಸುವ ಕೂಲಿಯಾಕೆ ಗೋಡೆ ಒಣಗಲೆಂದು ಎಲ್ಲಿ ಕಾದಾಳು? ಮರುದಿನವೇ ಕೆಲಸಕ್ಕೆ ಹೋಗದಿದ್ದರೆ ಒಲೆ ಉರಿಯದು. ಅವಳ ಗೋಡೆಯ ಬೂಷ್ಟನ್ನು ಕಂಡು ಕೊಳಕೆಂದು ಜರೆಯುವವರು ಅವಳ ಬಡತನವನ್ನು ಕಾಣಲಾರರು. ಆದುದರಿಂದ ನೆರೆಯ ಪರಿಹಾರವೆಂದರೆ ಅಕ್ಕಿಬೇಳೆಯಷ್ಟೇ ಆಗಬಾರದು. ಮನೆ ಒಣಗುವವರೆಗೆ ತಂಗಲು ತಾಣ, ಮಲಗಲು ಒಣಗಿದ ಹಾಸಿಗೆ, ಕಿಟಕಿಯುಳ್ಳ ಮನೆ ಇವೂ ಪರಿಹಾರದ ಭಾಗವಾಗಬೇಕು.

ನಂಜನ್ನು ಉಂಡ ದೇವರ ಊರು ನಂಜನಗೂಡು. ರೋಗ ವಾಸಿಯಾಗಲೆಂದು ಹರಕೆ ಹೊತ್ತವರು ದೂರದೂರದಿಂದ ಅಲ್ಲಿಗೆ ಬರುತ್ತಾರೆ. ಅಂಥ ಊರಿನ ಮಗು ತನ್ನ ಮನೆಯೊಳಗಿನ ಗಾಳಿಯಿಂದಲೇ ಕಾಯಿಲೆ ಬೀಳಬಾರದು. ನದಿಯಲ್ಲಿ ನೀರು ತಗ್ಗಿದಾಗ ಅಲ್ಲ, ಕೊನೆಯ ಮನೆಯ ಗೋಡೆಯೂ ಒಣಗಿದಾಗ ಮಾತ್ರ ನೆರೆ ಇಳಿಯಿತೆಂದು ಹೇಳಬೇಕು.