ನಡೆಯುವವರಿಗೂ ದಾರಿ ಬೇಕು

ರಸ್ತೆ ಅಗಲವಾದಾಗಲೆಲ್ಲ ಮೊದಲು ಮಾಯವಾಗುವುದು ಪಾದಚಾರಿ ಮಾರ್ಗ. ಅದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿದೆ. ಆ ಮಾತನ್ನು ನೆಲಕ್ಕಿಳಿಸಬೇಕಾದವರು ನಗರಸಭೆ, ಪುರಸಭೆಗಳ ಅಭಿಯಂತರರು.

ಅವರಿಗೆ ಮಾನದಂಡದ ಕೊರತೆಯಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯು ಅಡೆತಡೆಯಿಲ್ಲದ 1.8 ಮೀಟರ್ ಅಗಲವಾದರೂ ಇರಬೇಕೆನ್ನುತ್ತದೆ. ಆದರೆ ಆ ಅಗಲದ ನಡುವೆಯೇ ವಿದ್ಯುತ್ ಪರಿವರ್ತಕ ನಿಂತಿರುತ್ತದೆ, ಚರಂಡಿ ಬಾಯ್ದೆರೆದಿರುತ್ತದೆ. ಇಲಾಖೆಗಳೆಲ್ಲ ಒಂದೇ ನಕ್ಷೆಯ ಮುಂದೆ ಕೂರದಿರುವುದೇ ಇದರ ಮೂಲವೆಂದು ನಾವು ಭಾವಿಸುತ್ತೇವೆ. ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಕೊಳವೆ, ತಂತಿಗಳನ್ನು ನೆಲದಡಿ ವ್ಯವಸ್ಥಿತವಾಗಿ ಕೂರಿಸಿದ್ದರಿಂದ ಕಾಲಿಗೆ ಜಾಗ ಉಳಿಯಿತು. ಮೈಸೂರಿಗೆ 2017ರಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಬಂದಿತು. ಸೈಕಲ್ ಒದಗಿಸಿದರೆ ಸಾಲದು, ನಿರ್ಭಯವಾಗಿ ತುಳಿಯುವ ಪಥವೂ ಬೇಕು.

ಬೀದಿ ವ್ಯಾಪಾರಿಗಳನ್ನು ಎಬ್ಬಿಸುವುದೇ ಪರಿಹಾರವೆಂಬ ವಾದವನ್ನು ನಾವು ಒಪ್ಪೆವು. ಅವರೂ ಕಾಯಕಜೀವಿಗಳು, 2014ರ ಕಾಯ್ದೆ ಅವರಿಗೆ ರಕ್ಷಣೆ ನೀಡಿದೆ. ಪಟ್ಟಣ ವ್ಯಾಪಾರ ಸಮಿತಿಯನ್ನು ವಿನ್ಯಾಸದ ಹಂತದಲ್ಲೇ ಕರೆಯಲಿ.

ಶರಣಬಂಧುಗಳು ಮುಂದಿನ ಕ್ರಿಯಾಯೋಜನೆ ಸಿದ್ಧವಾಗುವ ಮುನ್ನ ತಮ್ಮೂರಿನ ಅಭಿಯಂತರರೊಡನೆ ಶಾಲೆಯಿಂದ ಬಸ್ ನಿಲ್ದಾಣದವರೆಗೆ ಒಮ್ಮೆ ನಡೆದು, ಕಂಡ ತಡೆಗಳನ್ನು ಲಿಖಿತವಾಗಿ ಸಲ್ಲಿಸಬೇಕೆಂದು ಕೋರುತ್ತೇವೆ.