ಬಡ ಖಾತೆಗೆ ದಂಡವೇಕೆ?



ಕತಾರಿನಲ್ಲಿ ದುಡಿಯುವ ನಮ್ಮಲ್ಲಿ ಬಹುಮಂದಿಗೆ ಎರಡು ಖಾತೆಗಳಿವೆ: ಒಂದು ಇಲ್ಲಿ ಸಂಬಳಕ್ಕೆ, ಇನ್ನೊಂದು ಊರಿನಲ್ಲಿ ಉಳಿತಾಯಕ್ಕೆ. ಸಂಬಳದ ಖಾತೆಯನ್ನು ತಿಂಗಳು ತಿಂಗಳೂ ನೋಡುತ್ತೇವೆ. ಊರಿನ ಖಾತೆಯನ್ನೋ, ಮುಂದಿನ ರಜೆಯವರೆಗೂ ಮರೆತುಬಿಡುತ್ತೇವೆ. ಕನಿಷ್ಠ ಶಿಲ್ಕು ಇಲ್ಲವೆಂದು ಶುಲ್ಕ, ಆ ಶುಲ್ಕದ ಮೇಲೆ ತೆರಿಗೆ, ಹೀಗೆ ಅಲ್ಲಿ ಹಣ ಸೋರುತ್ತಿರುತ್ತದೆ. ಹನಿಹನಿ ಕೂಡಿದರೆ ಹಳ್ಳವಾಗುವಂತೆ, ಹನಿಹನಿ ಸೋರಿದರೆ ಕೊಡವೂ ಬರಿದಾಗುತ್ತದೆ.

ತಿಂಗಳ ಕೊನೆಯ ದಿನ ಹಣವಿದ್ದರೆ ಸಾಕೆಂಬುದು ಹಲವರ ನಂಬಿಕೆ. ಆದರೆ ಅನೇಕ ಬ್ಯಾಂಕುಗಳು ನೋಡುವುದು ದಿನದಿನದ ಶಿಲ್ಕಿನ ಸರಾಸರಿಯನ್ನು. ಸರಾಸರಿ 2,000 ರೂಪಾಯಿ ಇರಬೇಕೆಂದಿಟ್ಟುಕೊಳ್ಳಿ. 30 ದಿನಗಳ ತಿಂಗಳಲ್ಲಿ ಮೊದಲ 20 ದಿನ 500 ರೂಪಾಯಿ ಮಾತ್ರ ಇದ್ದರೆ, ಉಳಿದ 10 ದಿನ 5,000 ಇರಬೇಕಾಗುತ್ತದೆ. ಈ ಲೆಕ್ಕವನ್ನು 20ನೇ ತಾರೀಖಿನ ಹೊತ್ತಿಗೆ ಮಾಡಿದರೆ ಶುಲ್ಕ ತಪ್ಪಿಸಬಹುದು.

ಶಿಲ್ಕು ಇಳಿದಾಗ ಗ್ರಾಹಕರಿಗೆ ತಿಳಿಸಿ, ತುಂಬಲು ಕನಿಷ್ಠ ಒಂದು ತಿಂಗಳು ಕೊಡಬೇಕೆಂದೂ, ಈ ಶುಲ್ಕದ ಕಾರಣದಿಂದಲೇ ಖಾತೆ ಸೊನ್ನೆಗಿಂತ ಕೆಳಗಿಳಿಯಬಾರದೆಂದೂ ರಿಸರ್ವ್ ಬ್ಯಾಂಕು 2015ರ ಏಪ್ರಿಲ್‌ನಿಂದ ನಿಯಮ ಮಾಡಿದೆ. ಆದರೆ ಎಚ್ಚರಿಕೆಯ ಸಂದೇಶ ನಾವು ಬಿಟ್ಟುಬಂದ ಹಳೆಯ ಫೋನ್ ನಂಬರಿಗೆ ಹೋದರೆ ಪ್ರಯೋಜನವೇನು? ನಂಬರು, ವಿಳಾಸ ಬದಲಿಸುವ ಕೆಲಸ ನಮ್ಮದೇ. ಬೇಡವಾದ ಖಾತೆಯನ್ನು ಮುಚ್ಚುವುದೂ ನಮ್ಮದೇ.

ಇಷ್ಟಾದರೂ, ಹಣವಿಲ್ಲದವನಿಗೆ ಹಣವಿಲ್ಲವೆಂದೇ ದಂಡ ಹಾಕುವುದು ನ್ಯಾಯವಲ್ಲವೆಂದು ನಾವು ಭಾವಿಸುತ್ತೇವೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಗೌರವದಿಂದ ಸಂಗ್ರಹಿಸಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಅನಿವಾಸಿಗಳದೂ ಸೇರಿದಂತೆ ಎಲ್ಲ ಉಳಿತಾಯ ಖಾತೆಗಳಿಗೆ ಕನಿಷ್ಠ ಶಿಲ್ಕಿನ ದಂಡವನ್ನು ಕೈಬಿಟ್ಟಿತು. ಸ್ಟೇಟ್ ಬ್ಯಾಂಕು 2020ರಲ್ಲೇ ಉಳಿತಾಯ ಖಾತೆಗಳ ಕನಿಷ್ಠ ಶಿಲ್ಕಿನ ಕಟ್ಟಳೆಯನ್ನು ಬಿಟ್ಟಿತ್ತು. ದೊಡ್ಡ ಬ್ಯಾಂಕುಗಳಿಗೆ ಸಾಧ್ಯವಾದದ್ದು ಉಳಿದವುಗಳಿಗೇಕೆ ಆಗದು?

ಅಲ್ಲಿಯವರೆಗೆ ತಿಂಗಳಿಗೊಮ್ಮೆ ಶಿಲ್ಕು ಬರೆದಿಡೋಣ. ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪುಗಳಲ್ಲಿರುವ ನಮ್ಮ ಕನ್ನಡ ಸೋದರರಲ್ಲಿ ಬ್ಯಾಂಕಿನ ಇಂಗ್ಲಿಷ್ ಸಂದೇಶ ಓದಲಾಗದವರಿದ್ದಾರೆ. ಶುಕ್ರವಾರದ ಬಿಡುವಿನಲ್ಲಿ ಅವರ ಲೆಕ್ಕವನ್ನೂ ನೋಡಿಕೊಡೋಣ. ಸಂಘವೆಂದರೆ ಹಬ್ಬದೂಟವಷ್ಟೇ ಅಲ್ಲ.